ಇಸ್ತಾಂಬುಲ್‌ನ ಕಿಜ್ ಕುಲೆಸಿ: ದೋಣಿ ಹತ್ತಿ ಹೋಗಬೇಕೋ, ದಡದಿಂದಲೇ ನೋಡಿದರೆ ಸಾಕೋ?

ಬಾಸ್ಫರಸ್ ಜಲಸಂಧಿ ಮರ್ಮರ ಸಮುದ್ರ ಸೇರುವ ಬಾಯಲ್ಲಿ, ಉಸ್ಕುದಾರ್ ಭಾಗದ ಸಲಾಜಕ್ ದಡದಿಂದ ಕೂಗಳತೆಯಲ್ಲಿ ಒಂದು ಸಣ್ಣ ಬಂಡೆಯಿದೆ. ಆ ಬಂಡೆಯ ಮೇಲೆ ನಿಂತಿರುವುದೇ ಕಿಜ್ ಕುಲೆಸಿ, ಅಂದರೆ ಕನ್ನಿಕೆಯ ಗೋಪುರ. 2021ರಲ್ಲಿ ಶುರುವಾದ ದುರಸ್ತಿ ಮುಗಿದು 2023ರ ಮೇ ತಿಂಗಳಲ್ಲಿ ಇದು ಮ್ಯೂಸಿಯಂ ಆಗಿ ತೆರೆಯಿತು. ಹಿಂದೆ ಇಲ್ಲಿದ್ದ ರೆಸ್ಟೋರೆಂಟ್ ಈಗಿಲ್ಲ. ಹಳೆಯ ಪ್ರವಾಸ ಬರಹಗಳನ್ನು ಓದಿಕೊಂಡು ರಾತ್ರಿ ಊಟದ ಆಸೆಯಲ್ಲಿ ಹೋಗಬೇಡಿ.

ಒಳಗೆ ಜಾಗ ಕಿರಿದು, ಮೆಟ್ಟಿಲು ಇಕ್ಕಟ್ಟು, ನೋಡಲು ಇಟ್ಟಿರುವ ವಸ್ತುಗಳು ಕಡಿಮೆ. ತೋಪ್‌ಕಾಪಿ ಅರಮನೆಯಂಥ ಸಂಗ್ರಹ ನಿರೀಕ್ಷಿಸಿ ಹೋದವರಿಗೆ ನಿರಾಸೆ ಖಂಡಿತ. ಇಲ್ಲಿ ನೋಡಬೇಕಾದದ್ದು ಕಟ್ಟಡವನ್ನೇ. ಅದಕ್ಕೆ ಮುಕ್ಕಾಲು ಗಂಟೆ ಸಾಕು.

ದುರಸ್ತಿಯ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. 1940ರ ದಶಕದ ರಿಪೇರಿಯಲ್ಲಿ ಮರದ ಭಾಗಗಳನ್ನು ಕಿತ್ತು ಕಾಂಕ್ರೀಟ್ ಹಾಕಿದ್ದರು. ಸಮುದ್ರದ ಮಧ್ಯೆ ಇರುವ ಹಳೆಯ ಕಲ್ಲುಕಟ್ಟಡಕ್ಕೆ ಇದು ಒಗ್ಗುವುದಿಲ್ಲ. ಉಪ್ಪು ಒಳಗಿಳಿದು ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿದ ಕಂಬಿ ಸುತ್ತಲಿನದನ್ನು ಒಡೆಯುತ್ತದೆ. ಸಾಲದ್ದಕ್ಕೆ ಕಾಂಕ್ರೀಟಿನ ಭಾರ ಬೇರೆ. ಭೂಕಂಪದ ಊರಿನಲ್ಲಿ ಮೇಲ್ಭಾಗ ಭಾರವಾದಷ್ಟೂ ಅಪಾಯ. ಈ ಸಲ ಆ ಕಾಂಕ್ರೀಟನ್ನು ತೆಗೆದು ಮತ್ತೆ ಮರ ಕೂರಿಸಿದ್ದಾರೆ. ಗೋಪುರ ಅಟ್ಟಣಿಗೆಯ ಮರೆಗೆ ಹೋದಾಗ 'ಕೆಡವಿಯೇ ಬಿಟ್ಟರು' ಎಂಬ ಸುದ್ದಿ ಹಬ್ಬಿತ್ತು. ಹೋದವರು ಮರದ ಕೆಲಸವನ್ನು ಹತ್ತಿರದಿಂದ ನೋಡಿದರೆ ಏನಾಯಿತೆಂದು ತಾವೇ ತಿಳಿಯಬಹುದು. ಗೋಡೆಯ ಗಾರೆಯನ್ನೂ ಗಮನಿಸಿ. ಆಟೋಮನ್ ಕಾಲದವರು ಬಳಸುತ್ತಿದ್ದ 'ಹೊರಾಸಾನ್' ಗಾರೆಯೆಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು. ನಮ್ಮ ಕೆಆರ್‌ಎಸ್ ಅಣೆಕಟ್ಟಿಗೆ ಬಳಸಿದ ಸುರ್ಕಿ ಗಾರೆಯ ಹತ್ತಿರದ ನೆಂಟ.

ಇನ್ನು ಇತಿಹಾಸ. 12ನೇ ಶತಮಾನದಲ್ಲಿ ಬೈಜಾಂಟೈನ್ ಚಕ್ರವರ್ತಿ ಒಂದನೇ ಮ್ಯಾನುಯೆಲ್ ಇಲ್ಲೊಂದು ಗೋಪುರ, ಎದುರಿನ ಯುರೋಪ್ ದಡದಲ್ಲಿ ಇನ್ನೊಂದು ಕಟ್ಟಿಸಿದ. ನಡುವೆ ಸರಪಳಿ ಎಳೆದು ಹಡಗುಗಳನ್ನು ತಡೆಯುವುದು ಉದ್ದೇಶ. 1453ರಲ್ಲಿ ನಗರ ಗೆದ್ದ ಮೇಲೆ ಆಟೋಮನ್ನರು ಇದನ್ನು ಕಾವಲು ಠಾಣೆ ಮಾಡಿಕೊಂಡರು, ಮುಂದೆ ದೀಪಸ್ತಂಭವೂ ಆಯಿತು. 18ನೇ ಶತಮಾನದ ಆರಂಭದಲ್ಲಿ ಮರದ ಗೋಪುರ ಬೆಂಕಿಗೆ ಆಹುತಿಯಾಗಿ, 1725ರ ಹೊತ್ತಿಗೆ ಕಲ್ಲಿನಲ್ಲಿ ಎದ್ದಿತು. 1830ರ ದಶಕದಲ್ಲಿ ಸಾಂಕ್ರಾಮಿಕ ರೋಗಿಗಳನ್ನು ಊರಿಂದ ದೂರವಿಡುವ ಕ್ವಾರಂಟೈನ್. ಬಾಗಿಲ ಮೇಲಿನ ಅಮೃತಶಿಲೆಯಲ್ಲಿ ಸುಲ್ತಾನ್ ಎರಡನೇ ಮಹಮೂದನ ಅಂಕಿತ ಇದೆ, 1832ರ ದುರಸ್ತಿಯ ಗುರುತು. ಅವಸರದಲ್ಲಿ ಒಳಗೆ ನುಗ್ಗುವವರು ಇದನ್ನು ನೋಡುವುದೇ ಇಲ್ಲ. ಅಂತೂ ಈಗ ಕಾಣುವ ಆಕಾರ ಬಹುಪಾಲು 18–19ನೇ ಶತಮಾನದ್ದು, ಬೈಜಾಂಟೈನ್ ಕಾಲದ್ದಲ್ಲ.

ಹೆಸರಿಗೆ ಅಂಟಿಕೊಂಡ ಕಥೆ ಕನ್ನಡಿಗರಿಗೆ ಹೊಸದೆನಿಸದು. ಮಗಳು ಹಾವು ಕಚ್ಚಿ ಸಾಯುತ್ತಾಳೆಂದು ಭವಿಷ್ಯ ಕೇಳಿದ ರಾಜ ಅವಳನ್ನು ನೀರಿನ ನಡುವಿನ ಗೋಪುರದಲ್ಲಿಟ್ಟ. ಹದಿನೆಂಟು ತುಂಬಿದ ದಿನ ಬಂದ ಹಣ್ಣಿನ ಬುಟ್ಟಿಯಲ್ಲೇ ಹಾವಿತ್ತು. ಒಂಟಿ ಕಂಬದ ಉಪ್ಪರಿಗೆಯಲ್ಲಿ ಕೂತ ಪರೀಕ್ಷಿತ, ಹಣ್ಣಿನೊಳಗೆ ಹುಳುವಾಗಿ ಬಂದ ತಕ್ಷಕ ನೆನಪಾಗದೇ ಇರುತ್ತಾರೆಯೇ? ಎರಡರಲ್ಲೂ ಸಾವು ಬರುವುದು ಕಾವಲಿನವರು ತಡೆಯದ ಉಡುಗೊರೆಯ ಜೊತೆ. ಯುರೋಪಿನವರು ಇದನ್ನು 'ಲಿಯಾಂಡರನ ಗೋಪುರ' ಎಂದದ್ದು ಮಾತ್ರ ತಪ್ಪು. 'ಹೀರೋ' ಎಂಬ ಹೆಸರಿನ ಪ್ರೇಯಸಿಗಾಗಿ ರಾತ್ರಿ ಈಜಿ ಮುಳುಗಿದ ಲಿಯಾಂಡರನ ಕಥೆ ನಡೆಯುವುದು ಡಾರ್ಡನೆಲ್ಸ್‌ನಲ್ಲಿ, ಮರ್ಮರ ಸಮುದ್ರದ ಆಚೆ ತುದಿಯಲ್ಲಿ. ಮೂರನೆಯದು ವೀರ ಬತ್ತಾಲ್ ಗಾಜಿಯದು. ಹುಡುಗಿಯನ್ನೂ ಖಜಾನೆಯನ್ನೂ ಹೊತ್ತು ಕುದುರೆ ಹತ್ತಿ ಪರಾರಿಯಾದನಂತೆ. 'ಕುದುರೆ ಒಯ್ದವನು ಉಸ್ಕುದಾರ್ ದಾಟಿಯಾಯಿತು' ಎಂಬ ತುರ್ಕಿ ಗಾದೆಗೆ ಜನ ಈ ಕಥೆಯನ್ನೇ ಹೇಳುತ್ತಾರೆ. ನಾವು 'ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು' ಎನ್ನುವ ಕಡೆ ಅವರು ಇದನ್ನು ಬಳಸುತ್ತಾರೆ.

ಹೋಗುವ ದಾರಿ: ಯುರೋಪ್ ದಡದ ಹಳೆಯ ನಗರದಲ್ಲಿರುವ ಸಿರ್ಕೆಜಿಯಿಂದ ಮರ್ಮರಾಯ್ ರೈಲು ಹತ್ತಿದರೆ ಸಮುದ್ರದಡಿಯ ಸುರಂಗ ದಾಟಿ ಮುಂದಿನ ನಿಲ್ದಾಣವೇ ಉಸ್ಕುದಾರ್. ಎಮಿನೊನುವಿನಿಂದ ಫೆರಿಯೂ ಇದೆ, ಹವೆ ಚೆನ್ನಾಗಿದ್ದರೆ ಅದೇ ಹಿತ. ಉಸ್ಕುದಾರ್‌ನಿಂದ ಸಲಾಜಕ್‌ಗೆ ದಡ ಹಿಡಿದು ದಕ್ಷಿಣಕ್ಕೆ ಇಪ್ಪತ್ತು ನಿಮಿಷದ ನಡಿಗೆ. ಗೋಪುರಕ್ಕೆ ದೋಣಿ ಎಲ್ಲಿಂದ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದು ಬದಲಾಗುತ್ತಿರುತ್ತದೆ. ಹೊರಡುವ ದಿನ ಮ್ಯೂಸಿಯಂನ ಅಧಿಕೃತ ತಾಣ ನೋಡಿ, ಪ್ರವೇಶದ ಟಿಕೆಟ್ಟಿನಲ್ಲಿ ದೋಣಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಸಾಮಾನ್ಯ ಬಾಸ್ಫರಸ್ ಟೂರ್ ದೋಣಿಗಳು ಗೋಪುರದ ಪಕ್ಕದಲ್ಲಿ ಹಾದುಹೋಗುತ್ತವೆ, ಇಳಿಸುವುದಿಲ್ಲ. ಹೆಚ್ಚಿನವರು ಏಮಾರುವುದು ಇಲ್ಲೇ. 'ಲೋದೋಸ್' ಎಂಬ ನೈಋತ್ಯ ಗಾಳಿ ಎದ್ದ ದಿನ ಅಲೆ ಜೋರಾಗಿ ದೋಣಿ ನಿಲ್ಲಬಹುದು, ಆದ್ದರಿಂದ ಪ್ರವಾಸದ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.

ಫೋಟೋಕ್ಕೆ ಗೋಪುರಕ್ಕಿಂತ ಸಲಾಜಕ್ ದಡವೇ ವಾಸಿ. ಬೆಳಗ್ಗೆ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಿದ್ದು ಕಲ್ಲಿನ ಬಣ್ಣ ಸ್ಪಷ್ಟ. ಸಂಜೆ ಸೂರ್ಯ ಆಚೆ ದಡದಲ್ಲಿ ಇಳಿಯುವಾಗ ಗೋಪುರ ಕಪ್ಪು ನೆರಳಾಗಿ, ಹಿಂದೆ ಹಳೆಯ ನಗರದ ಮಿನಾರುಗಳ ಸಾಲು. ಹಣ, ಸಮಯ ಎರಡೂ ಬಿಗಿಯಾಗಿದ್ದರೆ ದೋಣಿ ಬಿಟ್ಟು ಇಲ್ಲಿಯ ಮೆಟ್ಟಿಲ ಮೇಲೆ ಒಂದು ಲೋಟ ಚಹಾ ಹಿಡಿದು ಕೂರಿ. ಕಟ್ಟಡ ಕಲೆಯಲ್ಲಿ ಆಸಕ್ತಿಯಿದ್ದವರು ಮಾತ್ರ ಬೆಳಗಿನ ಮೊದಲ ದೋಣಿ ಹಿಡಿಯಿರಿ, ಮೆಟ್ಟಿಲಲ್ಲಿ ನೂಕುನುಗ್ಗಲು ಶುರುವಾಗುವ ಮುಂಚೆ ಮೇಲಿನ ಮೊಗಸಾಲೆ ತಲುಪಬಹುದು.