ಮೆತ್ತಗಿದೆ ಅಂತ ನಂಬಿ ಕೊಂಡ ಚಪ್ಪಲಿ

ಕಾಲಿನ ಟೆಂಡನ್ ನೋವಿಗೆ ಚಪ್ಪಲಿ ಹುಡುಕುತ್ತಿದ್ದೀರಾ? ಅಂಗಡಿಗೆ ಹೋಗುವ ಮೊದಲು ಇದನ್ನು ಓದಿ. ನಾನು ₹7,300 ಸುರಿದೆ. ದುಡ್ಡು ಹೋಗಲಿ, ವಾಸಿಯಾಗುತ್ತಿದ್ದ ಕಾಲು ಮತ್ತೆ ಕೆಟ್ಟಿತು.

ನಾನು ಹೈಸ್ಕೂಲ್ ಟೀಚರ್. ದಿನಕ್ಕೆ ಐದಾರು ಪಿರಿಯಡ್ ನಿಂತೇ ಪಾಠ. ಹೋದ ವರ್ಷ ಗಾಂಧಿ ಬಜಾರ್ ಹತ್ತಿರ ಫುಟ್‌ಪಾತ್ ಕಲ್ಲು ಅಲ್ಲಾಡಿ ಬಲಗಾಲು ಹೊರಳಿತು. ಉಳುಕಿರಬೇಕು ಅಂತ ಎಣ್ಣೆ ತಿಕ್ಕಿ, ಕ್ರೇಪ್ ಬ್ಯಾಂಡೇಜ್ ಸುತ್ತಿ ಮೂರು ತಿಂಗಳು ಓಡಾಡಿದೆ. ಅದು ನನ್ನದೇ ತಪ್ಪು. ಮನೆಯಲ್ಲಿ ಎಲ್ಲರೂ ‘ನರ ಎಳ್ಕೊಂಡಿದೆ’ ಅನ್ನುತ್ತಿದ್ದರು. ಮೂಳೆ ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು, ಅದು ನರ ಅಲ್ಲ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ, ಅದೇ ಟೆಂಡನ್. ಕಣಕಾಲಿನ ಒಳಗಂಟಿನ ಹಿಂದಿನಿಂದ ಇಳಿದು ಅಂಗಾಲಿನ ಕಮಾನನ್ನು ಎತ್ತಿ ಹಿಡಿಯುವ ಹುರಿ. ಅದಕ್ಕೆ ರಕ್ತ ಓಡಾಟ ಕಡಿಮೆ, ಹಾಗಾಗಿ ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಫಿಸಿಯೋಥೆರಪಿ ಶುರುವಾಗಿ ಎರಡು ತಿಂಗಳಿಗೆ ಲಾಲ್‌ಬಾಗ್ ಕೆರೆಯವರೆಗೆ ನಡೆದು ಬರುವಷ್ಟು ಸುಧಾರಿಸಿದ್ದೆ. ಆ ಖುಷಿಯಲ್ಲಿ ಜಯನಗರದ ಒಂದು ‘ಆರ್ಥೋ’ ಚಪ್ಪಲಿ ಅಂಗಡಿಗೆ ಹೋದೆ.

ಚಪ್ಪಲಿ ಒಳಗೆ ಕಾಲಿಟ್ಟರೆ ಬೆಣ್ಣೆ. ‘ಮೇಡಂ, ಹತ್ತಿ ಮೇಲೆ ನಡೆದಂಗಿರುತ್ತೆ’ ಅಂದ ಹುಡುಗ. ಹಾಗೇ ಇತ್ತು, ಸುಳ್ಳಲ್ಲ. ಆಮೇಲೆ ಒಂದು ಮ್ಯಾಟ್ ಮೇಲೆ ನಿಲ್ಲಿಸಿದ. ಸ್ಕ್ರೀನ್ ಮೇಲೆ ನನ್ನ ಪಾದ ಕೆಂಪು, ಹಳದಿ ಬಣ್ಣದಲ್ಲಿ ಮೂಡಿತು. ‘ನಿಮ್ದು ಫ್ಲಾಟ್ ಫೂಟ್, ಅಂಗಾಲು ಚಪ್ಪಟೆ. ಸ್ಪೆಷಲ್ ಇನ್‌ಸೋಲ್ ಹಾಕದಿದ್ರೆ ಮಂಡಿಗೂ ಬರುತ್ತೆ’ ಅಂದ. ನಾನು ಹೆದರಿದೆ. ಚಪ್ಪಲಿ ₹2,800, ಶೂ ಒಳಗೆ ಹಾಕಿಕೊಳ್ಳುವ ಆ ಇನ್‌ಸೋಲ್ ಪದರ ₹4,500.

ಆ ಮ್ಯಾಟ್ ತೋರಿಸುವುದು ನಿಂತಾಗ ಅಂಗಾಲಿನ ಯಾವ ಜಾಗದಲ್ಲಿ ಎಷ್ಟು ಒತ್ತಡ ಬೀಳುತ್ತದೆ ಅನ್ನುವುದನ್ನು ಮಾತ್ರ. ಹುರಿಯ ಸ್ಥಿತಿ ಅದಕ್ಕೆ ಕಾಣುವುದಿಲ್ಲ. ಇದು ಆಮೇಲೆ ತಿಳಿಯಿತು.

ಇನ್‌ಸೋಲನ್ನು ನಾನು ಸ್ಕೂಲಿಗೆ ಹಾಕುವ ಶೂ ಒಳಗಿದ್ದ ಹಳೇ ಪದರದ ಮೇಲೇ ಹಾಕಿಕೊಟ್ಟರು. ಹಿಮ್ಮಡಿ ಮೇಲೆದ್ದು, ಹೆಜ್ಜೆ ಇಟ್ಟಾಗಲೆಲ್ಲ ಶೂನಿಂದ ಜಾರುತ್ತಿತ್ತು. ‘ಪಳಗಿದ್ರೆ ಸರಿಹೋಗುತ್ತೆ’ ಅಂದರು. ಮೊದಲ ದಿನವೇ ಏಳು ಗಂಟೆ ಹಾಕಿದೆ. ಸ್ಕೂಲಿಂದ ಬಂದ ಮೇಲೆ ಆ ಮೆತ್ತನೆ ಚಪ್ಪಲಿ. ಹತ್ತೇ ದಿನಕ್ಕೆ ಒಳಗಂಟಿನ ಹಿಂದೆ ಊತ ಬಂತು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಗೋಡೆ ಹಿಡಿಯಬೇಕು.

ಫಿಸಿಯೋ ಚಪ್ಪಲಿ ಕೈಗೆತ್ತಿಕೊಂಡು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರು. ಪೂರ್ತಿ ತಿರುಗಿಕೊಂಡಿತು! ‘ಮೇಡಂ, ಇದು ನಿಮ್ಮ ಕಾಲನ್ನ ಹಿಡಿಯಲ್ಲ, ನಿಮ್ಮ ಕಾಲೇ ಇದನ್ನ ಹಿಡೀಬೇಕು’ ಅಂದರು. ಅತಿ ಮೆತ್ತಗಿದ್ದರೆ ಪಾದ ಒಳಕ್ಕೆ ಕುಸಿಯುತ್ತದೆ, ಕುಸಿದಷ್ಟೂ ಆ ಹುರಿ ಎಳೆತಕ್ಕೆ ಸಿಗುತ್ತದೆ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿಯಾದರೆ ಅದು ಜಾರದ ಹಾಗೆ ಬೆರಳುಗಳು ಬಿಗಿ ಹಿಡಿಯಬೇಕು. ಅಂದರೆ ಇನ್ನಷ್ಟು ಕೆಲಸ. ಹೊಸ ಇನ್‌ಸೋಲನ್ನು ಮೊದಲ ದಿನ ಒಂದು ಗಂಟೆ ಹಾಕಿ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕಂತೆ. ಇದನ್ನು ಅಂಗಡಿಯವರು ಹೇಳಬೇಕಿತ್ತು ಅಲ್ವಾ?

ಇನ್ನೊಂದು ಮಾತು. ನಮ್ಮಲ್ಲಿ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್ ಅನ್ನುವ ಮೆತ್ತನೆ ರಬ್ಬರಿನ) ಚಪ್ಪಲಿ ಅಂದರೆ ಎಲ್ಲ ಕಾಲುನೋವಿಗೂ ಮದ್ದು ಅನ್ನುವ ನಂಬಿಕೆ ಇದೆ. ಆ ರಬ್ಬರು ಮುಖ್ಯವಾಗಿ ಸಕ್ಕರೆ ಕಾಯಿಲೆ, ಕುಷ್ಠರೋಗದಿಂದ ಸ್ಪರ್ಶ ಹೋದ ಪಾದಗಳಲ್ಲಿ ಹುಣ್ಣಾಗದಂತೆ ಒತ್ತಡ ಹಂಚಲು ಇರುವುದು. ಅಲ್ಲಿ ಅದು ದೊಡ್ಡ ಉಪಕಾರಿ. ನನ್ನ ಕಾಲಿಗೆ ಬೇಕಿದ್ದದ್ದು ಆಧಾರ.

ಈಗ ನಾನು ಸಂಜೆಯೇ ಅಂಗಡಿಗೆ ಹೋಗುವುದು, ಕಾಲು ಆಗ ಸ್ವಲ್ಪ ಊದಿರುತ್ತದೆ. ಶೂವಿನ ಹಿಮ್ಮಡಿ ಗೋಡೆಯನ್ನು ಹೆಬ್ಬೆರಳಿಂದ ಅದುಮುತ್ತೇನೆ, ಒಳಕ್ಕೆ ಕುಸಿದರೆ ಬೇಡ. ಬಗ್ಗಿಸಿದರೆ ಬೆರಳಿನ ಬುಡದಲ್ಲಿ ಬಗ್ಗಬೇಕು, ನಡುವಲ್ಲಿ ಅಲ್ಲ. ಒಳಗಿನ ಪದರ ತೆಗೆಯಲು ಬರಬೇಕು. ಎರಡೂ ಕಾಲಿಗೆ ಹಾಕಿ, ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಸೇಲ್ಸ್ ಹುಡುಗರ ಮುಖ ಸಪ್ಪೆಯಾಗುತ್ತದೆ, ಆಗಲಿ.

ಇದು ನನ್ನ ಹುರಿಯ ಕಥೆ. ಹಿಮ್ಮಡಿ ಹಿಂದಿನ ಅಕಿಲಿಸ್ ಟೆಂಡನ್ ನೋವಾದರೆ ಸ್ವಲ್ಪ ಎತ್ತರದ ಹಿಮ್ಮಡಿ ಹಿತ ಕೊಡಬಹುದು, ಗಟ್ಟಿ ಹಿಂಗೋಡೆ ಒತ್ತಿ ನೋಯಿಸಲೂಬಹುದು. ಯಾವ ಹುರಿ ಅಂತ ಮೊದಲು ಡಾಕ್ಟರ ಹತ್ತಿರ ತಿಳಿದುಕೊಳ್ಳಿ.

ಮನೆಯೊಳಗಿನ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡುವುದನ್ನೂ ಬಿಡಬೇಕಾಯಿತು. ಒಳಗೆ ಚಪ್ಪಲಿ ಅಂದಾಗ ಅತ್ತೆ ಎರಡು ದಿನ ಮಾತಾಡಲಿಲ್ಲ. ದೇವರ ಮನೆ ಬಾಗಿಲಲ್ಲಿ ಬಿಡುತ್ತೇನೆ ಅಂದ ಮೇಲೆ ಒಪ್ಪಿದರು.

ದುಡ್ಡು ವಾಪಸ್ ಕೇಳಿದ್ದಕ್ಕೆ ಅಂಗಡಿಯವರು ಬಿಲ್ಲಿನ ಕೆಳಗಿನ ಸಣ್ಣ ಅಕ್ಷರ ತೋರಿಸಿದರು: ಅಳತೆ ಕೊಟ್ಟು ಮಾಡಿಸಿದ ಮಾಲು ವಾಪಸ್ ಇಲ್ಲ. ದೋಷ ಇರುವ ಮಾಲನ್ನು ವಾಪಸ್ ಪಡೆಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದು ತಪ್ಪು. ಆದರೆ ‘ನನ್ನ ಕಾಲಿಗೆ ಹೊಂದಲಿಲ್ಲ’ ಅನ್ನುವುದು ದೋಷ ಅಂತ ಸಾಬೀತು ಮಾಡುವುದು ಕಷ್ಟ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಅದಾದ ಮೇಲೆ ಚಪ್ಪಲಿಯ ₹2,800 ಮಾತ್ರ ಬಂತು. ಇನ್‌ಸೋಲ್ ಅಟ್ಟದ ಮೇಲಿದೆ.