ಮುಳ್ಳಯ್ಯನಗಿರಿ ಜೀಪ್ ಟ್ರಿಪ್: ಜೀಪು ಸಾಧಾರಣ, ಗೈಡ್ ಬಂಗಾರ

ಮಾರ್ಚ್ ಕೊನೆಯಲ್ಲಿ ಚಿಕ್ಕಮಗಳೂರಿನಿಂದ ಜೀಪ್ ಮಾಡಿಕೊಂಡು ಅಪ್ಪ, ನಾನು ಬೆಟ್ಟಕ್ಕೆ ಹೋಗಿದ್ದೆವು. ಜೀಪು ಒಂದು ಗಂಟೆ ತಡ, ಸೀಟು ಹರಿದಿತ್ತು. ಅದು ಬಿಡಿ.

ರಾಜ್ಯದಲ್ಲೇ ಎತ್ತರದ ಬೆಟ್ಟ, 1,930 ಮೀಟರ್ ಅಂತ ಹೇಳಿ, ಸುಮ್ನೆ ಫೋಟೋ ತೆಗೆಸಿ ವಾಪಸ್ ಕರೆತರುವವರೇ ಜಾಸ್ತಿ ಅಲ್ವಾ? ಈ ಗೈಡ್ ಮಾತ್ರ ಬೆಂಕಿಗೆ ಕರಕಲಾದ ಒಂದು ಇಳಿಜಾರಿನ ಹತ್ತಿರ ಜೀಪ್ ನಿಲ್ಲಿಸಿ, ಕೆಳಗೆ ಕೂತು ಹುಲ್ಲಿನ ಬುಡ ಬಿಡಿಸಿ ತೋರಿಸಿದರು. ಮೇಲೆ ಸುಟ್ಟರೂ ಮಣ್ಣೊಳಗೆ ಬೇರು ಬದುಕಿರುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಶೋಲಾ ಅಂದರೆ ಹುಲ್ಲುಬೆಟ್ಟಗಳ ನಡುವೆ ಬೆಳೆಯುವ ದಟ್ಟ ಕಾಡು; ಅದರ ಮರಗಳ ಎಳೆ ಸಸಿ ಬೆಂಕಿ ತಾಳುವುದಿಲ್ಲ. ಅದಕ್ಕೇ ಆ ಕಾಡು ಹೆಚ್ಚಾಗಿ ತೇವ ಇರುವ ಕಣಿವೆಗಳಲ್ಲಿ ಉಳಿದಿದೆ. ಅಲ್ಲಿನ ಮಣ್ಣು ಮಳೆಗಾಲದ ನೀರು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ನಿಧಾನಕ್ಕೆ ಬಿಡುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿಸುವ ವೇದಾವತಿ ಹುಟ್ಟುವುದು ಇದೇ ಬಾಬಾಬುಡನ್‌ಗಿರಿ ಸಾಲಿನಲ್ಲಿ! ಪದೇಪದೇ ಬೆಂಕಿ ಬಿದ್ದರೆ ಹುಲ್ಲೂ ಸೋಲುತ್ತದೆ, ಬರಿದಾದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ ಅಂದಾಗ ಅವರ ದನಿ ಸಣ್ಣಗಾಯಿತು. ನನಗೂ ಸಂಕಟವಾಯಿತು.

ಹೋಗುವವರು ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಬೆಂಕಿಪೊಟ್ಟಣ, ಸಿಗರೇಟು ದಯವಿಟ್ಟು ಊರಲ್ಲೇ ಬಿಟ್ಟು ಹೋಗಿ.