ಸ್ಪ್ರಿಂಗ್ ಇರುವ ಸೈಕಲ್, ಇಲ್ಲದ ಸೈಕಲ್: ದುರ್ಗದ ಏರಿನಲ್ಲಿ ಮೂರು ವಾರ

ಸೈಕಲ್‌ಗೆ ಸಸ್ಪೆನ್ಷನ್, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗ್, ಇದ್ದರೆ ತುಳಿಯುವುದು ಹಗುರ ಎನ್ನುತ್ತಾರೆ ಅಂಗಡಿಯವರು. ತುಳಿದ ಬಲವನ್ನೆಲ್ಲ ಸ್ಪ್ರಿಂಗೇ ನುಂಗುತ್ತದೆ ಎನ್ನುತ್ತಾರೆ ಬೆಳಗಿನ ಸವಾರಿಯ ಗೆಳೆಯರು. ಇಬ್ಬರ ಮಾತನ್ನೂ ಬದಿಗಿಟ್ಟು ಚಿತ್ರದುರ್ಗದಲ್ಲಿ ಮೂರು ಸೈಕಲ್‌ಗಳನ್ನು ಬದಲಿಸಿ ಬದಲಿಸಿ ತುಳಿದೆ. ನನ್ನದಕ್ಕೆ ಸ್ಪ್ರಿಂಗೇ ಇಲ್ಲ, ತಮ್ಮನದಕ್ಕೆ ಮುಂದೆ ಮಾತ್ರ ಇದೆ, ಪಕ್ಕದ ಮನೆಯ ಹುಡುಗನದಕ್ಕೆ ಹಿಂದೆಯೂ ಇದೆ. ಪರಿಚಯದ ಮಂಡಿಯಲ್ಲಿ ತೂಗಿದಾಗ ಕ್ರಮವಾಗಿ 14, 16, 19 ಕಿಲೋ. ಮೂರಕ್ಕೂ ಒಂದೇ ಅಗಲದ ಟೈರು. ಗಾಳಿಯನ್ನೂ ಸಮ ಮಾಡಿಕೊಂಡೆ. ಇಲ್ಲದಿದ್ದರೆ ಟೈರುಗಳನ್ನು ಹೋಲಿಸಿದಂತಾಗುತ್ತದೆ.

ಆಡುಮಲ್ಲೇಶ್ವರದ ಕಡೆಯ ಏರಿನಲ್ಲಿ ನನ್ನ ಸೈಕಲ್‌ಗೆ 21 ನಿಮಿಷ ಹಿಡಿಯಿತು. ತಮ್ಮನದರಲ್ಲಿ ಸೀಟಿನ ಮೇಲೆ ಕುಳಿತೇ ತುಳಿದಾಗ ಅರ್ಧ ನಿಮಿಷ ಹೆಚ್ಚಾಯಿತು. ಅದು ಬಹುಪಾಲು ತೂಕದ ಲೆಕ್ಕ. ಎದ್ದು ನಿಂತು ತುಳಿದಾಗಲೇ ನಿಜವಾದ ವ್ಯತ್ಯಾಸ ತಿಳಿದದ್ದು. ಪ್ರತಿ ತುಳಿತಕ್ಕೂ ಹ್ಯಾಂಡಲ್ ತಗ್ಗಿ ಏಳುತ್ತದೆ; ಚಕ್ರಕ್ಕೆ ಸೇರಬೇಕಾದ ಬಲದಲ್ಲಿ ಸ್ವಲ್ಪ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನೊಳಗೆ ಉಜ್ಜಿ ಬಿಸಿಯಾಗಿ ಹೋಗುತ್ತದೆ. ಹಿಂದೆಯೂ ಸ್ಪ್ರಿಂಗ್ ಇರುವ ಸೈಕಲ್ ಎರಡೂವರೆ ನಿಮಿಷ ಹಿಂದೆ ಬಿತ್ತು. ಅಗ್ಗದ ದರದಲ್ಲಿ ಸಿಗುವ ಅಂಥ ಸೈಕಲನ್ನು ಏರು ಹತ್ತುವವರಿಗೆ ನಾನು ಎಂದಿಗೂ ಹೇಳಲಾರೆ.

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಮೂರರ ನಡುವೆ ಹೇಳಿಕೊಳ್ಳುವ ಅಂತರವಿಲ್ಲ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ: ಎದುರುಗಾಳಿ ಬೀಸಿದ ದಿನ ಯಾವ ಸೈಕಲ್ಲಾದರೂ ನಿಧಾನವೇ.

ಶೇಂಗಾ ಹೊಲಗಳ ನಡುವಿನ ಜಲ್ಲಿ ಎದ್ದ ಕಚ್ಚಾ ದಾರಿಯಲ್ಲಿ ಲೆಕ್ಕವೇ ತಿರುಗಿತು. ನಾಲ್ಕು ಕಿಲೋಮೀಟರ್‌ಗೆ ನನ್ನದು 17 ನಿಮಿಷ, ತಮ್ಮನದು 15. ಅಲುಗಾಟಕ್ಕೆ ಮೈಯೇ ಸ್ಪ್ರಿಂಗ್ ಆಗಬೇಕಾದಾಗ ಮಣಿಕಟ್ಟು, ಭುಜ ಮೊದಲು ಸೋಲುತ್ತವೆ. ಕಾಲಿನಲ್ಲಿ ಇನ್ನೂ ಕಸುವಿದ್ದರೂ ವೇಗ ತಗ್ಗಿಸಲೇಬೇಕು. ಇಳಿದ ಕೂಡಲೇ ನಾಡಿ ಎಣಿಸಿದೆ: ನನ್ನದರಲ್ಲಿ ನಿಮಿಷಕ್ಕೆ 124, ತಮ್ಮನದರಲ್ಲಿ 140.

ವ್ಯಾಯಾಮಕ್ಕಾಗಿ ತುಳಿಯುವವರು ಗಮನಿಸಬೇಕಾದದ್ದು ಇದನ್ನೇ. ಸ್ಪ್ರಿಂಗ್ ನುಂಗಿದ ಬಲವನ್ನೂ ತುಳಿದದ್ದು ನಮ್ಮ ಕಾಲೇ. ಒಂದೇ ನಾಡಿಮಿಡಿತದಲ್ಲಿ ಅರ್ಧ ಗಂಟೆ ತುಳಿದರೆ ಯಾವ ಸೈಕಲ್ಲಾದರೂ ದೇಹಕ್ಕೆ ಸಿಗುವ ವ್ಯಾಯಾಮ ಹೆಚ್ಚುಕಡಿಮೆ ಒಂದೇ. ಕ್ರಮಿಸಿದ ದೂರ ಮಾತ್ರ ಬೇರೆ. ಭಾರದ ಸೈಕಲ್‌ನಿಂದ ಹೆಚ್ಚು ಬೊಜ್ಜು ಕರಗುತ್ತದೆ ಎಂಬ ಮಾತನ್ನು ಹಾಗಾಗಿ ನಾನು ಒಪ್ಪುವುದಿಲ್ಲ. ಭಾರವೆಂದು ನಿಧಾನಿಸಿದರೆ ಆ ಲಾಭವೂ ಇಲ್ಲ.

ಕೊನೆಯ ವಾರ ಇನ್ನೊಂದು ಪ್ರಯೋಗ ಮಾಡಿದೆ. ನನ್ನ ಟೈರಿನ ಗಾಳಿಯನ್ನು 55 ಪೌಂಡಿನಿಂದ 40ಕ್ಕೆ ಇಳಿಸಿ ಅದೇ ಕಚ್ಚಾ ದಾರಿಗೆ ಹೋದೆ. 16 ನಿಮಿಷ, ಮಣಿಕಟ್ಟಿನ ನೋವು ಅರ್ಧಕ್ಕರ್ಧ ಇಲ್ಲ! ಖರ್ಚಿಲ್ಲದೆ ಸಿಕ್ಕ ಸಸ್ಪೆನ್ಷನ್ ಇದು. ಹಾಗಾಗಿ ನನ್ನ ಸೈಕಲನ್ನು ಬದಲಿಸುತ್ತಿಲ್ಲ. ದಿನವೂ ಹೊಲದ ದಾರಿಯಲ್ಲೇ ಓಡಾಡುವ ತಮ್ಮನಿಗೆ ಅವನದೇ ಸರಿ. ಸ್ಪ್ರಿಂಗ್ ಅಲುಗದಂತೆ ಬಿಗಿಯುವ, ಫೋರ್ಕಿನ ಮೇಲಿರುವ ಲಾಕ್ ಗುಂಡಿಯನ್ನು ಏರಿನ ಬುಡದಲ್ಲಿ ತಿರುಗಿಸಿಕೊಳ್ಳಲು ಅವನಿಗೆ ತೋರಿಸಿಕೊಟ್ಟಿದ್ದೇನೆ. ಎರಡು ವರ್ಷದಿಂದ ಅದನ್ನು ಅವನು ಮುಟ್ಟಿಯೇ ಇರಲಿಲ್ಲ.